ಮನೆಗೊಂದು ಕೈ

ತೆಲುಗು ಸೀಮೆಯ ಮಕ್ತಲ್ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಕನ್ನಡ ಶಾಲೆಯ ಟೀಚರು. ಮಧ್ಯಾಹ್ನದ ಅಡುಗೆ ಮಾಡುವ ಶಾಂತಮ್ಮ ಅನ್ನ ಬಸಿದು, ಗಂಜಿಯನ್ನು ಹಿತ್ತಲ ಕಡೆ ಚೆಲ್ಲುತ್ತಾಳೆ. ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಆ ವಾಸನೆ ಎಲ್ಲಿಗೂ ಹೋಗದೆ ನೇರ ನನ್ನ ತರಗತಿಯೊಳಗೆ ಬಂದು ಕೂರುತ್ತದೆ. ಅಂಥ ದಿನ ನನಗೆ ಊಟ ಸೇರುವುದಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಡಬ್ಬಿ ಮುಚ್ಚಿಡುತ್ತೇನೆ.

ಮಕ್ಕಳು ನನಗೆ 'ಪಾಳಿ ಟೀಚರ್' ಎಂದು ಹೆಸರಿಟ್ಟಿದ್ದಾರೆ. ನನಗೆ ಗೊತ್ತಿಲ್ಲ ಎಂದು ತಿಳಿದುಕೊಂಡಿದ್ದಾರೆ, ಪಾಪ. ಕಸ ಗುಡಿಸುವುದು, ನೀರು ತರುವುದು, ಬೋರ್ಡು ಒರೆಸುವುದು ಎಲ್ಲಕ್ಕೂ ನನ್ನಲ್ಲಿ ಪಾಳಿ ಇದೆ. ಯಾವನಾದರೂ ಹುಡುಗ ತನ್ನ ಪಾಳಿಯ ದಿನ ತಂಗಿಯ ಕೈಗೆ ಕಸಬರಿಗೆ ಕೊಟ್ಟು ಜಾರಿಕೊಂಡನೋ, ಗುಡಿಸಿದ್ದು ತಂಗಿಯ ಲೆಕ್ಕಕ್ಕೆ. ಅವಳ ಪಾಳಿ ಬಂದಾಗ ಅವನೇ ಗುಡಿಸಬೇಕು. ಸಣ್ಣ ಮಕ್ಕಳ ಮೇಲೆ ಇಷ್ಟೇಕೆ ಹಟ ಎಂದು ನಮ್ಮ ಹೆಡ್‌ಮಾಸ್ತರರು ಒಮ್ಮೆ ಕೇಳಿದರು. ನಾನು ನಕ್ಕು ಹಾಜರಿ ಪುಸ್ತಕ ತೆಗೆದೆ. ಉತ್ತರ ಕೊಡಬೇಕಾದರೆ ನಾರಾಯಣಪೇಟೆಯ ಒಂದು ಮಳೆಗಾಲವನ್ನು ಪೂರ್ತಿ ಹೇಳಬೇಕಾಗುತ್ತಿತ್ತು.

ಆಗ ನಾನು ಇಂಟರ್ ಎರಡನೇ ವರ್ಷದಲ್ಲಿದ್ದೆ. ನಾರಾಯಣಪೇಟೆ ಇನ್ನೂ ಜಿಲ್ಲೆಯಾಗಿರಲಿಲ್ಲ. ನಮ್ಮದು ನೇಕಾರರ ಓಣಿ, ಮನೆಮನೆಗೂ ಒಂದು ಕುಣಿಮಗ್ಗ. ಸೀರೆ ಎಂದರೆ ಮಗ್ಗದಲ್ಲಿ ಹುಟ್ಟುತ್ತದೆ ಎಂದು ಕೊಳ್ಳುವವರು ತಿಳಿದಿರುತ್ತಾರೆ. ಅದು ಮೊದಲು ಹುಟ್ಟುವುದು ಬೀದಿಯಲ್ಲಿ. ಸೀರೆಯ ಉದ್ದದ ನೂಲಿಗೆ ಹಾಸು ಎನ್ನುತ್ತೇವೆ. ಆ ಹಾಸನ್ನು ಮಗ್ಗಕ್ಕೆ ಏರಿಸುವ ಮೊದಲು ಗಂಜಿ ಕುಡಿಸಿ ಗಟ್ಟಿ ಮಾಡಬೇಕು, ಇಲ್ಲದಿದ್ದರೆ ಲಾಳಿ ನಾಲ್ಕು ಸಲ ಓಡಾಡುವಷ್ಟರಲ್ಲಿ ನೂಲು ಹರಿಯುತ್ತದೆ. ನಸುಕಿನಲ್ಲಿ ಹಾಸನ್ನು ಓಣಿಯ ಈ ತುದಿಯಿಂದ ಆ ತುದಿಗೆ ಕೋಲುಗಳ ಮೇಲೆ ಎಳೆದು ಕಟ್ಟುತ್ತಾರೆ. ಗಂಜಿ ಬಳಿದು, ಎರಡೂ ಬದಿ ಎದುರೆದುರು ನಿಂತವರು ದೊಡ್ಡ ಕುಂಚ ಹಿಡಿದು ಉದ್ದಕ್ಕೂ ಎಳೆಯುತ್ತ ನಡೆಯುತ್ತಾರೆ. ಹಿಂದಿನಿಂದ ಬರುವವರು ಅಂಟಿದ ಎಳೆ ಬಿಡಿಸಬೇಕು, ಹರಿದದ್ದನ್ನು ಗಂಟು ಹಾಕಬೇಕು. ಗಂಜಿ ಒಣಗುವ ತನಕ ಕುಂಚ ನಿಲ್ಲುವ ಹಾಗಿಲ್ಲ. ನಿಂತರೆ ನೂಲಿಗೆ ನೂಲು ಅಂಟಿ ಹಾಸು ಹಪ್ಪಳವಾಗುತ್ತದೆ. ಇದು ಒಬ್ಬರ ಕೆಲಸವಲ್ಲ, ಒಂದು ಮನೆಯ ಕೆಲಸವೂ ಅಲ್ಲ.

ಅದಕ್ಕೇ ಓಣಿಗೆ ಒಂದು ದಸ್ತೂರು ಇತ್ತು: ಮನೆಗೊಂದು ಕೈ. ಯಾರ ಹಾಸು ಬೀದಿಗೆ ಬಿದ್ದರೂ ಪ್ರತಿ ಮನೆಯಿಂದ ಒಬ್ಬ ಬರಬೇಕು. ಕೂಲಿ ಇಲ್ಲ, ಉಪಚಾರ ಇಲ್ಲ. ಹೆಚ್ಚೆಂದರೆ ಒಂದು ಚಹಾ. ನೀನು ನನ್ನದಕ್ಕೆ ಬಂದರೆ ನಾನು ನಿನ್ನದಕ್ಕೆ. ಇಂಥ ಒಳ್ಳೆಯ ಕಟ್ಟಳೆ ಬೇರೆಲ್ಲೂ ಇಲ್ಲ ಎಂದು ನಮ್ಮವರು ಬೀಗುತ್ತಿದ್ದರು. ನಾನೂ ಬೀಗಿದವಳೇ.

ಅಪ್ಪ ವೀರಭದ್ರಪ್ಪನಿಗೆ ಆ ಬೀಗುವಿಕೆಯಲ್ಲಿ ದೊಡ್ಡ ಪಾಲಿತ್ತು. ಸಾಹುಕಾರರ ನೂಲು ತಂದು ಕೂಲಿಗೆ ನೇಯುವವರೇ ಹೆಚ್ಚಿದ್ದ ಕಾಲದಲ್ಲಿ ಅವನು ಸ್ವಂತ ನೂಲು, ಸ್ವಂತ ಮಗ್ಗ ಎಂದು ಉಳಿದುಕೊಂಡಿದ್ದ. ಜ್ವರ ಬಂದಿದ್ದರೂ ಪಾಳಿ ತಪ್ಪಿಸುತ್ತಿರಲಿಲ್ಲ. ದುಡಿದವನಿಗೆ ದಕ್ಕುತ್ತದೆ, ಕೈ ಕೆಸರಾದರೆ ಬಾಯಿ ಮೊಸರು ಎಂದು ನಮಗೆ ಉಗ್ಗು ಹಾಕಿದಂತೆ ಹೇಳಿದ್ದ. ಓಣಿಯಲ್ಲಿ ಜಗಳವಾದರೆ ಅವನನ್ನು ಕರೆಯುತ್ತಿದ್ದರು. ಅವನು ಹೇಳಿದ್ದೇ ಫೈಸಲಾ. ಮುಖ ನೋಡಿ ಮಣೆ ಹಾಕುವವನಲ್ಲ ಎಂಬ ಹೆಸರು ಅವನಿಗೆ. ಆ ಹೆಸರನ್ನು ಅವನು ಅಂಗಿಯ ಹಾಗೆ ದಿನಾ ತೊಟ್ಟುಕೊಂಡೇ ಓಡಾಡುತ್ತಿದ್ದ.

ಆ ವರ್ಷ ಕಾರಹುಣ್ಣಿಮೆಯ ಮುಂದೆ ಅವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಎರಡೂ ಹೋದವು. ಮಾತು ತೊದಲಾಯಿತು, ಅವ್ವನಿಗೆ ಮಾತ್ರ ಪೂರ್ತಿ ತಿಳಿಯುತ್ತಿತ್ತು. ಹೊರಸಿನ ಮೇಲೆ ಮಲಗಿದವನಿಗೆ ಅವ್ವ ಮೂರು ಹೊತ್ತೂ ತುತ್ತು ಮಾಡಿ ಉಣಿಸುತ್ತಿದ್ದಳು. ಮಹಾರಾಜನ ಹಾಗೆ ಇದ್ದ ಗಂಡಸು ಬಾಯಿ ತೆರೆದು ತುತ್ತಿಗೆ ಕಾಯುವುದನ್ನು ನೋಡಲಾರದೆ ನಾನು ಮತ್ತು ನನ್ನ ತಂಗಿ ಮಾದೇವಿ ಹೊರಗೆ ಬಂದು ಕೂರುತ್ತಿದ್ದೆವು.

ಮಿರಗದ ಮಳೆ ಆಗಷ್ಟೇ ಹನಿಯಲು ಶುರುವಾಗಿತ್ತು. ಒಂದು ದಿನ ನಸುಕಿನಲ್ಲಿ ಸಂಗಪ್ಪ ದೊಡ್ಡಪ್ಪ ಬಾಗಿಲಿಗೆ ಬಂದ. ಸಂಬಂಧದಲ್ಲಿ ದೊಡ್ಡಪ್ಪನಲ್ಲ. ಓಣಿಗೆ ಹಿರಿಯ, ಎಲ್ಲರ ಪಾಳಿ ನೋಡಿಕೊಳ್ಳುವವನು. ಅಂದು ಅವನದೇ ಹಾಸು ಬೀದಿಯಲ್ಲಿತ್ತು. ಕೆಲವು ಮನೆಗಳ ಗಂಡಸರು ಹೈದರಾಬಾದಿಗೆ ವಾಚ್‌ಮನ್ ಕೆಲಸಕ್ಕೆ ಹೋಗಿಬಿಟ್ಟಿದ್ದರಿಂದ ಕೈಗಳು ಮೊದಲೇ ಕಡಿಮೆ. ನಿಮ್ಮ ಮನೆಯಿಂದ ಯಾರು ಎಂದು ಕೇಳಿದ. ಕೇಳಿದ್ದರಲ್ಲಿ ಒರಟುತನವೇನೂ ಇರಲಿಲ್ಲ. ಅವ್ವ ಒಂದು ಕ್ಷಣ ಒಳಗೆ ನೋಡಿದಳು. ಸೆರಗು ಸಿಕ್ಕಿಸಿಕೊಂಡು ಗೂಟದಲ್ಲಿದ್ದ ಅಪ್ಪನ ಕುಂಚ ತೆಗೆದುಕೊಂಡು ಹೊರಗೆ ಬಂದಳು.

ಅವ್ವ ಈರಮ್ಮ ಗದ್ವಾಲದವಳು. ಅವಳ ಅಪ್ಪನಿಗೆ ಗಂಡುಮಗ ಒಬ್ಬನೇ, ಅವನೂ ಧರೂರಿನಲ್ಲಿ ಕಾಲುವೆಯ ಗದ್ದೆ ಮಾಡಿಕೊಂಡು ಮಗ್ಗ ಬಿಟ್ಟವನು. ಹಾಗಾಗಿ ಕುಂಚ ಹಿಡಿಯುವುದನ್ನು ಅವ್ವ ತವರಿನಲ್ಲೇ ಕಲಿತಿದ್ದಳು. ಆದರೆ ನಮ್ಮ ಓಣಿಯಲ್ಲಿ ಹೆಂಗಸರು ಗಂಜಿ ಕಾಯಿಸುತ್ತಾರೆ, ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾರೆ. ಕುಂಚ ಗಂಡಸಿನದು. ಅವಳು ಬೀದಿಗಿಳಿದಾಗ ಎಲ್ಲರೂ ತಿರುಗಿ ನೋಡಿದರು. ಸಂಗಪ್ಪ ದೊಡ್ಡಪ್ಪ ಮುಗಿಲು ನೋಡಿದ, ಗಂಜಿಯ ಕೊಡ ನೋಡಿದ.

"ಬಾ ತಂಗಿ, ಹಿಡಿ. ಗಂಜಿ ಆರಾಕ ಹತ್ತೈತಿ," ಎಂದ.

ಅಷ್ಟೇ. ಬೇಡ ಎಂದು ಯಾರೂ ಹೇಳಲಿಲ್ಲ. ಅವಳ ಕೈಯನ್ನು ಪಾಳಿಯ ಲೆಕ್ಕಕ್ಕೆ ಹಿಡಿದಿದ್ದೇವೆ ಎಂದೂ ಯಾರೂ ಹೇಳಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಆ ಮಳೆಗಾಲ ಹಾಳು ಮಳೆಗಾಲ. ಸುರಿದು ಮುಗಿಸುವ ಮಳೆಯಲ್ಲ, ಹಗಲೆಲ್ಲ ಜಿಟಿಜಿಟಿ. ಹಾಸು ಒಣಗಿಸುವವರಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಮೋಡ ಬಿಟ್ಟ ಮುಂಜಾನೆ ಸಿಕ್ಕರೆ ಯಾರದಾದರೂ ಒಬ್ಬರ ಹಾಸು ಬೀಳುತ್ತಿತ್ತು. ಸಂಗಪ್ಪ ದೊಡ್ಡಪ್ಪನ ಮಿಸ್ಡ್ ಕಾಲ್ ಬಂದು ಫೋನ್ ಒಮ್ಮೆ ಬಡಿದುಕೊಂಡರೆ ಸಾಕು, ಅವ್ವ ಎದ್ದು ಹೊರಡುತ್ತಿದ್ದಳು. ನಡುವೆ ಹನಿ ಬಿದ್ದರೆ ಎಲ್ಲರೂ ಪ್ಲಾಸ್ಟಿಕ್ ಹಾಳೆ ಹಿಡಿದು ಓಡಬೇಕು. ಹನಿ ನಿಂತ ಮೇಲೆ ಮತ್ತೆ ಕುಂಚ. ಮೊದಮೊದಲು ಗಂಡಸರು ವೀರಭದ್ರಪ್ಪನಿಗೆ ಸೀರೆ ಉಡಿಸಿ ಕಳಿಸಿದ್ದಾರೆ ಎಂದು ನಗಾಡಿದರು. ಆಮೇಲೆ ನಗುವುದು ಬಿಟ್ಟರು, ಏಕೆಂದರೆ ಅವ್ವ ಎಳೆದ ಕಡೆ ಗಂಟು ಗರಣೆ ಉಳಿಯುತ್ತಿರಲಿಲ್ಲ. ನಮ್ಮ ಬದಿಗೆ ಬಾ, ನಮ್ಮ ಬದಿಗೆ ಬಾ ಎಂದು ಕರೆಯುವವರೂ ಹುಟ್ಟಿಕೊಂಡರು. ಗಂಜಿಯಲ್ಲಿ ನೆನೆದು ಅವಳ ಬೆರಳ ಸಂದಿಗಳೆಲ್ಲ ಬಿರುಕು ಬಿಟ್ಟಿದ್ದವು. ರಾತ್ರಿ ನಾನು ಕೊಬ್ಬರಿ ಎಣ್ಣೆ ಹಚ್ಚುವಾಗ ಅವಳು ಒಂದೇ ಮಾತು ಹೇಳುತ್ತಿದ್ದಳು. ಎಲ್ಲರ ಪಾಳಿ ಮುಗಿಯುತ್ತ ಬಂತು, ಇನ್ನು ನಮ್ಮದು.

ನಮ್ಮದು ಎಂದರೆ ಅಪ್ಪ ಬೀಳುವ ಮುಂಚೆ ತಂದಿಟ್ಟಿದ್ದ ನೂಲು. ಮನೆಯಲ್ಲಿದ್ದ ಸ್ವಂತ ನೂಲೆಲ್ಲ ಅದೇ. ಅದನ್ನು ಮಗ್ಗಕ್ಕೇರಿಸಿ ದಸರೆಯ ಒಳಗೆ ಸೀರೆ ಇಳಿಸಿದರೆ ಆ ಸೀರೆ ಮುಂದಿನ ನೂಲು ತರುತ್ತದೆ, ಮಗ್ಗ ನಮ್ಮದಾಗಿ ಉಳಿಯುತ್ತದೆ. ಹಾಸು ಕೆಟ್ಟರೆ ಅವ್ವ ಯಾರದೋ ಶೆಡ್ಡಿನಲ್ಲಿ ಕೂಲಿಗೆ ಕೂರಬೇಕು. ಅವಳಿಗೆ ಬೇಕಾಗಿದ್ದದ್ದು ಒಂದು ಬಿಸಿಲಿನ ಮುಂಜಾನೆ, ಮತ್ತು ಮನೆಗೊಂದು ಕೈ.

ಪಂಚಮಿ ಕಳೆದ ಮೇಲೆ ಮೋಡ ಸರಿದವು. ನಾಳೆ ಬಿಸಿಲು ಬೀಳುವುದು ಖಂಡಿತ ಎನ್ನಿಸಿದ ದಿನ ಸಂಜೆ ಅವ್ವ ನನ್ನನ್ನು ಕರೆದುಕೊಂಡು ಸಂಗಪ್ಪ ದೊಡ್ಡಪ್ಪನ ಕಟ್ಟೆಗೆ ಹೋದಳು. ಧರೂರಿನ ಮಾಮ ಕಳಿಸಿದ ಹೊಸ ಅಕ್ಕಿ ಮನೆಯಲ್ಲಿ ಗಂಜಿಗೆಂದು ನೆನೆದಿತ್ತು. ನಾಳೆ ನಮ್ಮ ಹಾಸು ಹಾಕುತ್ತೇವೆ, ಎಲ್ಲರಿಗೂ ತಿಳಿಸಿರಿ ಎಂದಳು. ದೊಡ್ಡಪ್ಪ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದವನು ಸುಣ್ಣ ಹಚ್ಚುವುದರಲ್ಲೇ ಬಹಳ ಹೊತ್ತು ಕಳೆದ. ಆಮೇಲೆ ಅದು ಇದು ಮಾತಾಡಿ, ನಾಲ್ಕು ಮಂದಿಯನ್ನು ಕೇಳಿದೆ, ಅವರು ಒಪ್ಪುತ್ತಿಲ್ಲ ಎಂದ. ಹೆಂಗಸಿನ ಕೈ ಪಾಳಿಗೆ ಬರುವುದಿಲ್ಲವಂತೆ. ಹಾಗಾದರೆ ಇಷ್ಟು ದಿನ ನಾನು ಬಂದದ್ದೇನು ಎಂದು ಅವ್ವ ಕೇಳಿದಳು.

"ಅದು ನಿನ್ನ ಒಳ್ಳೇತನ ತಂಗಿ. ಯಾರೂ ಇಲ್ಲ ಅನ್ನಂಗಿಲ್ಲ. ಆದ್ರ ಪಾಳಿ ಬ್ಯಾರೆ, ಸಹಾಯ ಬ್ಯಾರೆ."

"ನಾ ಸಹಾಯ ಮಾಡಾಕ ಬಂದಿದ್ದಿಲ್ರಿ ಅಣ್ಣಾರ. ಪಾಳಿಗೆ ಬಂದಿದ್ದೆ."

"ಏಮಿ ಚೇಸ್ತಾಂ," ಏನು ಮಾಡೋಣ ಎಂದು ತೆಲುಗಿನಲ್ಲಿ ಕೈ ಚೆಲ್ಲಿದ ದೊಡ್ಡಪ್ಪ, ಎಲೆಯನ್ನು ದವಡೆಗೆ ಒತ್ತಿ, ನನ್ನ ಕಡೆ ನೋಡದೆ ಅವ್ವನಿಗೆ ಹೇಳಿದ: "ಈ ದಸ್ತೂರು ನಾ ಮಾಡಿದ್ದಲ್ಲ. ನೀಲಮ್ಮನ ಪಂಚಾಯಿತಿದಾಗ ನಿನ್ನ ಗಂಡನಾ ಹೇಳಿದ್ದ. ನೀನೂ ಕೇಳೀದಿ."

ಅವ್ವ ನನ್ನ ಕೈ ಹಿಡಿದು ಕಟ್ಟೆ ಇಳಿದಳು. ದಾರಿಯಲ್ಲಿ ನಾನು ಕೇಳಿ ಕೇಳಿ ಬಾಯಿ ಬಿಡಿಸಿದೆ. ನೀಲಮ್ಮ ಅತ್ತಿ ಓಣಿಯ ತುದಿಯ ಮನೆಯವಳು, ಕಂಡವರ ಮನೆಗೆ ಕಂಡಿಕೆ ಸುತ್ತಿಕೊಟ್ಟು ಬದುಕುವವಳು. ನಾನು ಸಣ್ಣವಳಿದ್ದಾಗ ಅವಳ ಮನೆಯಲ್ಲೂ ಮಗ್ಗವಿತ್ತು. ಗಂಡ ಸತ್ತ ಮೇಲೆ ಕುಂಚ ನಾನೇ ಹಿಡಿಯುತ್ತೇನೆ, ನನ್ನ ಕೈಯನ್ನು ಪಾಳಿಗೆ ಹಿಡಿಯಿರಿ ಎಂದು ಕೇಳಿದ್ದಳಂತೆ. ಬೇವಿನ ಮರದ ಕೆಳಗೆ ಎಲ್ಲರೂ ಸೇರಿದ್ದರು. ಅಪ್ಪನ ಬಾಯಿ ನೋಡಿದ್ದರು. ಅಪ್ಪ ಬಹಳ ನ್ಯಾಯವಾಗಿ ಮಾತಾಡಿದ್ದನಂತೆ. ಇವತ್ತು ಒಬ್ಬ ಹೆಂಗಸಿನ ಕೈ ಒಪ್ಪಿದರೆ ನಾಳೆ ಪ್ರತಿಯೊಬ್ಬ ಗಂಡಸೂ ತಾನು ಮಗ್ಗದ ಮೇಲೆ ಕೂತು ಹೆಂಡತಿಯನ್ನು ಬೀದಿಗೆ ಕಳಿಸುತ್ತಾನೆ, ಎಲ್ಲರ ಹಾಸೂ ಕೆಡುತ್ತದೆ. ಒಬ್ಬಳ ಕಣ್ಣೀರು ನೋಡಿ ಎಲ್ಲರ ಹೊಟ್ಟೆ ಮೇಲೆ ಹೊಡೆಯಬಾರದು. ಕೈ ಎಂದರೆ ಗಂಡಸಿನ ಕೈ. ಇದು ಫೈಸಲಾ. ನೀಲಮ್ಮ ಅತ್ತಿ ಮರುದಿನ ಒಬ್ಬಳೇ ಹಾಸು ಹಾಕಿ ಕೆಡಿಸಿಕೊಂಡಳು. ಅವಳ ಮಗ್ಗವನ್ನು ಯಾರೋ ಕಟ್ಟಿಗೆಯ ಬೆಲೆಗೆ ಒಯ್ದರು.

ನಾನು ಒಳಕೋಣೆಯ ಹೊಸ್ತಿಲಲ್ಲಿ ನಿಂತು ಹೊರಸಿನ ಮೇಲಿದ್ದ ಅಪ್ಪನನ್ನು ನೋಡಿದೆ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಅಸಹ್ಯ ಬಂತು. ಅದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ.

ಅವ್ವ ಕತ್ತಲಾಗುವ ಮುಂಚೆ ಮನೆಮನೆಗೆ ಹೋದಳು. ನಾನೂ ಹೋದೆ. ಯಾರೊಬ್ಬರೂ ಬರುವುದಿಲ್ಲ ಎಂದು ಹೇಳಲಿಲ್ಲ, ಕೇಳಿರಿ. ಎಲ್ಲರೂ ಕೂರಿಸಿದರು, ನೀರು ಕೊಟ್ಟರು. ನಿನಗೆ ಅನ್ಯಾಯವಾಗಿದೆ ಎಂದರು. ನನ್ನದೇನೂ ಅಡ್ಡಿಯಿಲ್ಲ, ಉಳಿದವರು ಬಂದರೆ ನಾನೂ ಬರುತ್ತೇನೆ ಎಂದರು. ಒಬ್ಬನಂತೂ ಅವ್ವನ ಬಿರುಕು ಬಿಟ್ಟ ಕೈ ನೋಡಿ ಕಣ್ಣು ಒರೆಸಿಕೊಂಡ. ಓಣಿಯನ್ನು ಎದುರು ಹಾಕಿಕೊಳ್ಳಲು ಆಗುವುದಿಲ್ಲ ಎಂದ. ಓಣಿ ಎಂದರೆ ಯಾರು ಎಂದು ನಾನು ಅಲ್ಲೇ ಕೇಳಬೇಕೆಂದಿದ್ದೆ. ಹೋದ ಮನೆಯಲ್ಲೆಲ್ಲ ಓಣಿ ಪಕ್ಕದ ಮನೆಯಲ್ಲಿರುತ್ತಿತ್ತು. ಪಕ್ಕದ ಮನೆಗೆ ಹೋದರೆ ಅದರಾಚೆಯ ಮನೆಗೆ ಹೋಗಿರುತ್ತಿತ್ತು. ಹತ್ತು ಮಂದಿ ಸೇರಿದಲ್ಲಿ ಹಾವು ಸಾಯುವುದಿಲ್ಲ ಎನ್ನುತ್ತಾರಲ್ಲ, ಹಾಗೆ. ಪ್ರತಿಯೊಬ್ಬರ ಕೈಯಲ್ಲೂ ಕೋಲಿತ್ತು.

ಆದರೂ ಅವ್ವ ಹಾಸು ಹಾಕಿದಳು. ಬೇಡ ಎಂದು ನಾನು ಜಗಳವಾಡಿದೆ. ಮಾದೇವಿ ಅತ್ತಳು. ನೂಲು ಬೀದಿಗೆ ಬಿದ್ದದ್ದು ಕಂಡರೆ ಯಾರಾದರೂ ಬಂದೇ ಬರುತ್ತಾರೆ, ನೇಕಾರನ ಕಣ್ಣಿಗೆ ಒಣಗುವ ಹಾಸನ್ನು ಸುಮ್ಮನೆ ನೋಡಲು ಆಗುವುದಿಲ್ಲ ಎಂಬುದು ಅವಳ ನಂಬಿಕೆ. ಅವಳು ಮಾಡಿದ ತಪ್ಪು ಅದೊಂದೇ. ನಸುಕಿನಲ್ಲಿ ಮೂವರೂ ಸೇರಿ ಕೋಲು ನೆಟ್ಟು, ಹಾಸು ಎಳೆದು, ಗಂಜಿಯ ಕೊಡ ಹೊರಗೆ ತಂದೆವು. ಹೊಸ ಅಕ್ಕಿಯ ಗಂಜಿ. ಓಣಿಯ ತುಂಬ ಅದರ ವಾಸನೆ.

ಬಾಗಿಲುಗಳು ತೆರೆದವು. ಗಂಡಸರು ಹೊರಗೆ ಬಂದರು. ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡು ತಮ್ಮ ತಮ್ಮ ಹೊಸ್ತಿಲ ಮೇಲೆ ನಿಂತರು. ಅವರು ನಮ್ಮನ್ನು ನೋಡುತ್ತಿರಲಿಲ್ಲ, ಒಬ್ಬರನ್ನೊಬ್ಬರು ನೋಡುತ್ತಿದ್ದರು. ಎದುರು ಮನೆಯ ಬಸ್ಸಣ್ಣ ಒಂದು ಮೆಟ್ಟಿಲು ಇಳಿದ. ನಾನು ಕಂಡೆ, ಅವನ ಕಾಲು ಬೀದಿಯ ಮಣ್ಣಿನ ಮೇಲಿತ್ತು. ಅವನು ಆಚೀಚೆ ನೋಡಿದ. ಯಾರೂ ಇಳಿಯದ್ದು ಕಂಡು ಬಾಯಿ ಮುಕ್ಕಳಿಸಲು ಬಂದವನ ಹಾಗೆ ಉಗುಳಿ ಮೇಲೆ ಹತ್ತಿದ. ಅವನೊಬ್ಬ ಬಂದಿದ್ದರೆ ಉಳಿದವರು ಬರುತ್ತಿದ್ದರೇನೋ. ಗೊತ್ತಿಲ್ಲ. ಆ ಕಾಲನ್ನು ಮಾತ್ರ ನಾನು ಮರೆಯುವುದಿಲ್ಲ.

ಅವ್ವ ಒಂದು ಬದಿ, ನಾನು ಎದುರು ಬದಿ. ನಾನು ಕುಂಚ ಹಿಡಿದದ್ದು ಅದೇ ಮೊದಲು. ಮಾದೇವಿ ಹಿಂದಿನಿಂದ ಎಳೆ ಬಿಡಿಸುತ್ತ ಬಂದಳು. ಈ ತುದಿಯಿಂದ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿ ಬಿಗಿಯುತ್ತಿತ್ತು. ಅವ್ವ ಓಡುತ್ತಿದ್ದಳು. ಇನ್ನೊಂದು ಜೋಡಿ ಕೈ ಸಿಕ್ಕಿದ್ದರೂ ಅರ್ಧ ಹಾಸಾದರೂ ಉಳಿಯುತ್ತಿತ್ತು. ಆಗ ಅವಳು ನನ್ನನ್ನು ನೀಲಮ್ಮ ಅತ್ತಿಯ ಮನೆಗೆ ಓಡಿಸಿದಳು.

ನೀಲಮ್ಮ ಅತ್ತಿ ಕಟ್ಟೆಯ ಮೇಲೆ ರಾಟಿಯ ಮುಂದೆ ಕೂತಿದ್ದಳು. ರಾಟಿ ತಿರುಗುತ್ತಿರಲಿಲ್ಲ. ಅವಳು ಎಲ್ಲವನ್ನೂ ನೋಡುತ್ತಲೇ ಇದ್ದಳು. ಬಾ ಅತ್ತಿ, ಹಾಸು ಹೋಗುತ್ತದೆ ಎಂದು ಅವಳ ಕೈ ಹಿಡಿದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ನಿಮ್ಮವ್ವನ್ನ ಒಂದು ಮಾತು ಕೇಳ್ಕೊಂಡು ಬಾ ಮಗಳ. ನನ್ನ ಹಾಸು ಬಿಸಲಾಗ ಬಿದ್ದ ದಿನ ನಿಮ್ಮ ಮನಿ ಕದ ಯಾಕ ಮುಚ್ಚಿತ್ತು? ಅದಕ್ಕ ಜವಾಬು ತಂದ್ರ ಬರ್ತೀನಿ."

ಓಡಿ ಬಂದು ಹೇಳಿದೆ. ಅವ್ವ ಕುಂಚ ನಿಲ್ಲಿಸಲಿಲ್ಲ. ಅಕಿ ಕೇಳಿದ್ದು ಖರೆ ಐತಿ ಎಂದಳು. ನಾನು ಮತ್ತೆ ನೀಲಮ್ಮ ಅತ್ತಿಯ ಬಳಿ ಹೋಗಲಿಲ್ಲ. ಅವಳ ಮೇಲೆ ನನಗೆ ಈಗಲೂ ಸಿಟ್ಟಿದೆ. ಸಿಟ್ಟಾಗುವ ಹಕ್ಕು ನನಗಿಲ್ಲ ಎಂಬುದೂ ಗೊತ್ತಿದೆ. ಗೊತ್ತಿದ್ದರೆ ಸಿಟ್ಟು ಹೋಗುತ್ತದೆಯೇ?

ಬಿಸಿಲು ಏರಿತು. ಅಷ್ಟು ದಿನ ಯಾವ ಬಿಸಿಲಿಗಾಗಿ ಮುಗಿಲು ನೋಡಿದ್ದೆವೋ ಅದೇ ಬಿಸಿಲು. ನೂಲಿಗೆ ನೂಲು ಅಂಟಿತು. ಬಿಡಿಸಲು ಹೋದಲ್ಲೆಲ್ಲ ಪಟಪಟ ಹರಿಯಿತು. ಗಂಟು ಹಾಕುವವರು ಯಾರು, ಎಲ್ಲೆಲ್ಲಿ ಅಂತ ಹಾಕುವುದು? ಮಳೆ ಬಂದು ಕೆಡಿಸಿದ್ದರೆ ಮಳೆಗೆ ಬೈಯಬಹುದಿತ್ತು, ದೇವರಿಗೆ ಬೈಯಬಹುದಿತ್ತು. ಅವ್ವ ಕೊನೆಗೆ ಕುಂಚ ಕೆಳಗಿಟ್ಟು, ಹಾಸಿನ ಮಧ್ಯಭಾಗವನ್ನು ಎರಡೂ ಕೈಯಿಂದ ಎತ್ತಿ ನೋಡಿದಳು. ಅದು ಬಟ್ಟೆಯ ಹಾಗೆ ಬಾಗಲಿಲ್ಲ. ತಗಡಿನ ಹಾಗೆ ನಿಂತಿತು.

ಹಾಸು ಸತ್ತ ಮೇಲೆ ಎಲ್ಲರೂ ಬಂದರು. ಹೆಣಕ್ಕೆ ಬರುವಂತೆ ಬಂದರು. ಕೋಲು ಕಿತ್ತುಕೊಟ್ಟರು, ಕೊಡ ಎತ್ತಿಟ್ಟರು. ಬೇಡವೆಂದರೂ ಕೇಳದೆ ನೂಲು ಸುತ್ತಿಕೊಟ್ಟರು. ಬೆಳಗ್ಗೆ ಇಲ್ಲದ ಕೈಗಳು ಎಲ್ಲಿದ್ದವೋ. ಸಂಗಪ್ಪ ದೊಡ್ಡಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ಓಣಿ ನಿಮ್ಮ ಕೈ ಬಿಡುವುದಿಲ್ಲ, ಮನೆಗೆ ಇಷ್ಟು ಎಂದು ಜೋಳ ಕೂಡಿಸಿ ಕೊಡುತ್ತೇವೆ ಎಂದ. ಎಲ್ಲರೂ ಹೌದು ಹೌದು ಎಂದರು. ಆ ಮಾತಿಗೆ ಮಾತ್ರ ಯಾರೂ ಪಕ್ಕದವನ ಮುಖ ನೋಡಲಿಲ್ಲ.

"ಜ್ವಾಳ ಬ್ಯಾಡ್ರಿ ಅಣ್ಣಾರ," ಎಂದಳು ಅವ್ವ. "ನಾ ಬೇಡಾಕ ನಿಂತಿಲ್ಲ. ನಿಮಗೆಲ್ಲಾ ನಾ ಕೊಟ್ಟ ಕೈ ಐತಲ್ಲ, ಅದನ್ನ ಕೊಡೂದಿತ್ತು."

ಒಬ್ಬೊಬ್ಬರೇ ಸರಿದರು. ಮಧ್ಯಾಹ್ನದ ಹೊತ್ತಿಗೆ ಓಣಿಯಲ್ಲಿ ಕಥೆ ತಯಾರಾಗಿತ್ತು. ಎಲ್ಲರೂ ಸೇರಿ ಕೊಡಲು ಹೋದರು, ಈರಮ್ಮನಿಗೆ ಸೊಕ್ಕು, ಒಲ್ಲೆ ಎಂದಳು. ಮಾಡಿದ್ದುಣ್ಣೋ ಮಹಾರಾಯ ಎಂದು ಒಬ್ಬಳು ಅಪ್ಪನ ಹೆಸರು ಹೇಳಿ ಅಂದದ್ದು ನನ್ನ ಕಿವಿಗೇ ಬಿತ್ತು. ಮಾತು ಸರಿಯೇ. ಆದರೆ ಮಾಡಿದವನು ಹೊರಸಿನ ಮೇಲಿದ್ದ, ಉಂಡವಳು ಅವ್ವ. ಅಪ್ಪನ ಮಾತು ಕೇಳಿ ಅಂದು ತಲೆಯಾಡಿಸಿದವರಿಗೆ ಉಣ್ಣುವ ಪಾಳಿ ಯಾವಾಗ ಬರುತ್ತದೆ ಎಂದು ಯಾವ ಗಾದೆಯೂ ಹೇಳುವುದಿಲ್ಲ.

ದಸರೆಗೆ ಮುಂಚೆ ನಾವು ಓಣಿ ಬಿಟ್ಟೆವು. ಅಪ್ಪನನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಗದ್ವಾಲಕ್ಕೆ ಹೋದೆವು. ಅಲ್ಲಿ ಅವ್ವ ಒಬ್ಬರ ಶೆಡ್ಡಿನಲ್ಲಿ ಕೂಲಿಗೆ ಕೂತಳು. ಈಗಲೂ ಕೂರುತ್ತಾಳೆ, ನಾನು ನೌಕರಿ ಹಿಡಿದ ಮೇಲೆಯೂ ಬಿಟ್ಟಿಲ್ಲ. ಅಲ್ಲಿ ತನ್ನ ಕೈಯನ್ನು ಕೈ ಎಂದೇ ಹಿಡಿಯುತ್ತಾರೆ, ನೇಯ್ದಷ್ಟಕ್ಕೆ ಕೊಡುತ್ತಾರೆ, ಅಷ್ಟು ಸಾಕು ಎನ್ನುತ್ತಾಳೆ. ಸ್ವಂತ ಹಾಸಿನ ಮಾತು ಮತ್ತೆ ಅವಳ ಬಾಯಿಂದ ಬರಲಿಲ್ಲ. ಮಾದೇವಿಯ ಮದುವೆಯಾಯಿತು. ಅಪ್ಪ ಮೂರು ವರ್ಷ ಇದ್ದು ತೀರಿಕೊಂಡ.

ಹೋದ ವರ್ಷ ಟ್ರೈನಿಂಗಿಗೆಂದು ನಾರಾಯಣಪೇಟೆಗೆ ಹೋದಾಗ ಕಾಲು ಕೇಳದೆ ಓಣಿಗೆ ಹೋದೆ. ಈಗ ಗಂಜಿ ಕುಡಿದ ಹಾಸು ಹೊರಗಿನಿಂದ ತಯಾರಾಗಿಯೇ ಬರುತ್ತದೆ. ಬೀದಿಯಲ್ಲಿ ಮೋಟರ್ ಸೈಕಲ್ಲುಗಳು ಸಾಲಾಗಿ ನಿಂತಿವೆ. ನೀಲಮ್ಮ ಅತ್ತಿ ಇಲ್ಲ. ಸಂಗಪ್ಪ ದೊಡ್ಡಪ್ಪ ಇದ್ದಾನೆ, ಕಣ್ಣು ಮಂಜು. ಧ್ವನಿಯ ಮೇಲೆ ನನ್ನ ಗುರುತು ಹಿಡಿದು ಬಹಳ ಅಕ್ಕರೆಯಿಂದ ಪಕ್ಕದಲ್ಲಿ ಕೂರಿಸಿಕೊಂಡ. ಅವ್ವನ ಆರೋಗ್ಯ ಕೇಳಿದ. ಈಗ ಯಾರಿಗೆ ಯಾರೂ ಇಲ್ಲ, ಆಗ ಓಣಿ ಎಂದರೆ ಒಂದೇ ಮನೆ ಇದ್ದ ಹಾಗಿತ್ತು, ಒಬ್ಬರ ಹಾಸು ಬಿದ್ದರೆ ಎಲ್ಲರೂ ಓಡಿ ಬರುತ್ತಿದ್ದೆವು ಎಂದು ನನಗೇ ಹೇಳಿದ. ಸುಳ್ಳು ಹೇಳುತ್ತಿರಲಿಲ್ಲ, ಅವನಿಗೆ ಹಾಗೆಯೇ ನೆನಪಿತ್ತು. ಸೊಸೆ ತಂದಿಟ್ಟ ಚಹಾ ಮುಟ್ಟದೆ ನಾನು ಎದ್ದು ಬಂದೆ.

ಇಷ್ಟು ವರ್ಷಗಳ ಮೇಲೂ ಕಣ್ಣಿಗೆ ಕಟ್ಟುವುದು ಆ ಬೀದಿಯಲ್ಲ, ಆ ಸಂಜೆ. ಕೆಟ್ಟ ಹಾಸನ್ನು ಮೂಲೆಗೆ ಹಾಕಿ ಅವ್ವ ಅಡುಗೆ ಮಾಡಿದಳು. ರೊಟ್ಟಿ ಹಾಲಿನಲ್ಲಿ ಕಿವುಚಿ, ದಿನದಂತೆ ತಟ್ಟೆ ಹಿಡಿದು ಅಪ್ಪನ ಹೊರಸಿನ ಹತ್ತಿರ ಕೂತಳು. ಒಳಕೋಣೆಯಲ್ಲಿದ್ದ ಅವನಿಗೆ ಬೆಳಗಿನದೇನೂ ಕಂಡಿರಲಿಲ್ಲ. ಸದ್ದಿಲ್ಲದ ಓಣಿಯಿಂದ ಏನಾದರೂ ತಿಳಿದುಕೊಂಡಿದ್ದನೋ ಏನೋ. ಮೊದಲ ತುತ್ತಿಗೆ ಬಾಯಿ ತೆರೆಯದೆ ತೊದಲುತ್ತ ಕೇಳಿದ. ಅಂದು ಆ ಮಾತು ನನಗೂ ಸ್ಪಷ್ಟವಾಗಿ ತಿಳಿಯಿತು.

"ಯಾರ್ಯಾರು ಬಂದಿದ್ರು?"

ಅವ್ವನ ಕೈ ತುತ್ತಿನೊಂದಿಗೆ ಗಾಳಿಯಲ್ಲೇ ನಿಂತಿತು.

"ಯಾರೂ ಬರ್ಲಿಲ್ರಿ," ಎಂದಳು. "ನೀವು ಆಡಿದ ಮಾತು ಓಣ್ಯಾಗ ಒಬ್ರೂ ಮೀರ್ಲಿಲ್ಲ."

ಅಪ್ಪ ಅವಳನ್ನೇ ನೋಡಿದ. ನೀಲಮ್ಮನನ್ನು ಕರೆಯಬೇಕಿತ್ತು ಎಂದು ಅವನ ಬಾಯಿಂದ ಬಂತು. ಇಷ್ಟು ವರ್ಷ ಅವನು ಆ ಪಂಚಾಯಿತಿಯನ್ನು ಮರೆತಿರಲಿಲ್ಲ.

"ಕರದ್ವಿ. ಅವತ್ತು ನಿಮ್ಮ ಮನಿ ಕದ ಯಾಕ ಮುಚ್ಚಿತ್ತು ಅಂತ ಕೇಳಿದ್ಲು. ನನ್ನ ಹತ್ರ ಜವಾಬು ಇದ್ದಿಲ್ಲ. ನೀವಾ ಎದ್ದು ಹೋಗಿ ಹೇಳಿ ಬರ್ರಿ."

ಏಳಲಾರದ ಮನುಷ್ಯನಿಗೆ ಹಾಗೆ ಹೇಳಿ, ಅವ್ವ ತುತ್ತನ್ನು ತಟ್ಟೆಗೆ ಹಾಕಿದಳು. ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದಳು. ಆಮೇಲೆಯೂ ಅವನು ಇರುವ ತನಕ ಅವನ ಬಟ್ಟೆ ಒಗೆದಳು, ಮೈ ಒರೆಸಿದಳು, ಔಷಧಿ ಕುಡಿಸಿದಳು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ತುತ್ತು ಮಾತ್ರ ಇಡಲಿಲ್ಲ. ಅಂದಿನಿಂದ ಕೊನೆಯ ತನಕ ಅಪ್ಪನಿಗೆ ಉಣಿಸಿದವಳು ನಾನು.